ಓದುಗರ ಪ್ರಶ್ನೆ: ಮಂಡಿನೋವಿದ್ದರೂ ಇಂಗ್ಲೆಂಡಿನ ಹಳ್ಳಿದಾರಿಯಲ್ಲಿ ನಡೆಯಬಹುದಾ?

ಏಪ್ರಿಲ್ ಹತ್ತಿರ ಬಂತೆಂದರೆ ನನಗೆ ಬರುವ ಪತ್ರಗಳಲ್ಲೆಲ್ಲ ಒಂದೇ ವಿಷಯ. ಮಗಳೋ ಮಗನೋ ಇಂಗ್ಲೆಂಡಿನಲ್ಲಿದ್ದಾರೆ, ಆರು ತಿಂಗಳ ವೀಸಾ ಸಿಕ್ಕಿದೆ, ಅಲ್ಲಿ ಹೋಗಿ ಹೊತ್ತು ಕಳೆಯೋದು ಹೇಗೆ? ನಾನು ಗಿಲ್ಡ್‌ಫರ್ಡ್‌ಗೆ ಬಂದು 22 ವರ್ಷ ಆಯಿತು. ಲಂಡನ್ನಿನಿಂದ ರೈಲಿನಲ್ಲಿ ಸುಮಾರು 40 ನಿಮಿಷದ ಊರು. ನನ್ನ ಅಪ್ಪ ಅಮ್ಮ ಮೂರು ಸಲ ಇಲ್ಲಿಗೆ ಬಂದು ಹೋದರು. ಈಗ ಶನಿವಾರಗಳಂದು ಪರಿಚಯದವರ ಅಪ್ಪ ಅಮ್ಮಂದಿರನ್ನು ಕರೆದುಕೊಂಡು ನಡೆಯಲು ಹೋಗುತ್ತೇನೆ. ಈ ಸಲದ ಅಂಕಣ ಪೂರ್ತಿ ಆ ನಡಿಗೆಗೇ ಮೀಸಲು.

ಪ್ರಶ್ನೆ: ಮಗಳು ವೋಕಿಂಗ್‌ನಲ್ಲಿದ್ದಾಳೆ. ನನಗೆ 66, ಯಜಮಾನರಿಗೆ 71. ನನಗೆ ಮಂಡಿನೋವು. ಊರಲ್ಲಿ ದಿನಾ ಅರ್ಧ ಗಂಟೆ ನಡೆಯುತ್ತೇನೆ. ಅಲ್ಲಿ ಹೊಲ, ತೋಟದೊಳಗೆಲ್ಲ ನಡೆದುಕೊಂಡು ಹೋಗ್ತಾರೆ ಅಂತ ಮಗಳು ಹೇಳುತ್ತಾಳೆ. ಯಾರದೋ ಜಮೀನಿಗೆ ಕಾಲಿಟ್ಟರೆ ಬೈಯಲ್ವಾ? (ಶಿವಮೊಗ್ಗದ ಓದುಗರು)

ಉತ್ತರ: ಬೈಯಲ್ಲ. ಈ ಧೈರ್ಯ ಮೊದಲು ಬರಬೇಕು, ಅದಕ್ಕೇ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಇಲ್ಲಿ ‘ಪಬ್ಲಿಕ್ ಫುಟ್‌ಪಾತ್’ ಅಂದರೆ ರಸ್ತೆ ಪಕ್ಕದ ಕಲ್ಲುಹಾಸಲ್ಲ. ಹೊಲದ ನಡುವೆ, ತೋಪಿನೊಳಗೆ, ಎಷ್ಟೋ ಸಲ ಒಬ್ಬರ ಮನೆಯ ಅಂಗಳಕ್ಕೆ ತಾಗಿಕೊಂಡೇ ಹೋಗುವ ಕಾಲುದಾರಿ. ಜಮೀನು ಯಾರದೇ ಇರಲಿ, ಆ ದಾರಿಯಲ್ಲಿ ನಡೆಯುವ ಹಕ್ಕು ಎಲ್ಲರದು. ಕಂಬದ ಮೇಲೆ ಹಳದಿ ಬಾಣ ಇದ್ದರೆ ನಡೆಯುವವರ ದಾರಿ. ನೀಲಿ ಇದ್ದರೆ ಕುದುರೆ, ಸೈಕಲ್ ಕೂಡ ಬರುತ್ತವೆ. ಇಂಗ್ಲೆಂಡ್ ಮತ್ತು ವೇಲ್ಸ್ ಸೇರಿ ಇಂಥ ದಾರಿಗಳು ಸುಮಾರು 1,40,000 ಮೈಲಿ ಇವೆ.

ಈ ಹಕ್ಕು ಸುಮ್ನೆ ಬಂದದ್ದಲ್ಲ. 1932ರ ಏಪ್ರಿಲ್‌ನಲ್ಲಿ ಕಿಂಡರ್ ಸ್ಕೌಟ್ ಎಂಬ ಬೆಟ್ಟಕ್ಕೆ ನೂರಾರು ಕೂಲಿಕಾರ ಹುಡುಗರು ಬೇಕೆಂದೇ ನುಗ್ಗಿದರು. ಶ್ರೀಮಂತರು ಬೇಟೆಗೆ ಮೀಸಲಿಟ್ಟುಕೊಂಡಿದ್ದ ಜಾಗ ಅದು. ಐದು ಜನ ಜೈಲಿಗೆ ಹೋದರು. 1949ರಲ್ಲಿ ಕಾನೂನು ಬಂತು. ಕಾಲುದಾರಿಗಳನ್ನು ನಕ್ಷೆಯಲ್ಲಿ ದಾಖಲಿಸತೊಡಗಿದರು. ಇವತ್ತು ನಾವು ಸೀರೆ ಉಟ್ಟುಕೊಂಡು ಗೋಧಿ ಹೊಲದ ನಡುವೆ ನಿಶ್ಚಿಂತೆಯಿಂದ ಹೋಗುವುದು ಅಂಥವರಿಂದ.

ಇನ್ನು ನಿಮ್ಮ ಮಂಡಿಯ ವಿಷಯ. ಇಲ್ಲಿ ನಾನೇ ಮಾಡಿದ ತಪ್ಪೊಂದನ್ನು ಹೇಳಬೇಕು.

ಅಮ್ಮ ಮೊದಲ ಸಲ ಬಂದಾಗ ನಕ್ಷೆ ನೋಡಿ ಎರಡು ಮೈಲಿಯ ದಾರಿ ಆರಿಸಿದ್ದೆ. ಪೂರ್ತಿ ಸಮತಟ್ಟು, ಇನ್ನೇನು ಕಷ್ಟ ಅಂದುಕೊಂಡೆ. ಕಾಲು ಮೈಲಿ ಹೋಗಿರಬೇಕು, ಬೇಲಿ ಅಡ್ಡ ಬಂತು. ಬೇಲಿಯ ಆಚೆ ಈಚೆ ಒಂದೊಂದು ಹಲಗೆ, ಹಿಡಿಯಲು ಒಂದು ಗೂಟ. ಇದಕ್ಕೆ ಇಲ್ಲಿ ‘ಸ್ಟೈಲ್’ ಅನ್ನುತ್ತಾರೆ. ಅಮ್ಮನ ಮುಖ ಅರಳಿತು. “ಇದು ನಮ್ಮ ತಡಬೆ ಅಲ್ವೇನೆ!” ಅಂದಳು. ಅವಳದು ತೀರ್ಥಹಳ್ಳಿ ಕಡೆ. ಹುಲ್ಲಿನ ಹೊರೆ ಹೊತ್ತುಕೊಂಡು ತಡಬೆ ದಾಟಿದವಳು. ಸೆರಗು ಸಿಕ್ಕಿಸಿ ಬಲಗಾಲು ಮೇಲಿಟ್ಟಳು. ಹಲಗೆ ಮಂಡಿಯೆತ್ತರ ಇತ್ತು, ಹಿಂದಿನ ರಾತ್ರಿಯ ಮಳೆಗೆ ಪಾಚಿ ಬೇರೆ. ಎಡಗಾಲು ಮೇಲೆ ಬರಲೇ ಇಲ್ಲ. ಬೇಲಿಯ ಮೇಲಿನ ಕಂಬಿ ಹಿಡಿದು ಹಾಗೇ ಕೂತುಬಿಟ್ಟಳು. ಆಚೆ ಇಳಿಯೋ ಹಾಗಿಲ್ಲ, ಈಚೆ ಬರೋ ಹಾಗಿಲ್ಲ. ಅವಳ ಕೈ ನಡುಗುತ್ತಿತ್ತು. ಹತ್ತು ನಿಮಿಷ ತಬ್ಬಿ ಹಿಡಿದುಕೊಂಡು ಕೊನೆಗೆ ಈಚೆಗೇ ಇಳಿಸಿದೆ. ಮನೆ ತನಕ ಅವಳು ಮಾತಾಡಲಿಲ್ಲ. ಆಮೇಲೆ ಎರಡು ವಾರ, ಕರೆದಾಗಲೆಲ್ಲ “ನೀನು ಹೋಗಿ ಬಾ” ಅನ್ನುತ್ತಿದ್ದಳು.

ಅವತ್ತಿನಿಂದ ನಾನು ಎಷ್ಟು ಮೈಲಿ ಅಂತ ಮೊದಲು ನೋಡಲ್ಲ. ಎಷ್ಟು ಸ್ಟೈಲ್ ಇವೆ, ಕೂರಲು ಬೆಂಚು ಎಲ್ಲಿದೆ, ಟಾಯ್ಲೆಟ್ ಎಲ್ಲಿದೆ, ಮಧ್ಯದಲ್ಲೇ ವಾಪಸ್ ಬರಬಹುದಾ, ಇವನ್ನು ನೋಡುತ್ತೇನೆ. ಮಗಳಿಗೂ ಹೇಳಿ: ಅವಳು ಮೊದಲು ಒಬ್ಬಳೇ ಹೋಗಿ ನಡೆದು ಬರಲಿ, ಆಮೇಲೆ ನಿಮ್ಮನ್ನು ಕರೆದೊಯ್ಯಲಿ. ‘ಕಿಸ್ಸಿಂಗ್ ಗೇಟ್’ ಇದ್ದರೆ ತೊಂದರೆಯಿಲ್ಲ. ಅರ್ಧ ವೃತ್ತದ ಬೇಲಿಯೊಳಗೆ ಆಡುವ ಸಣ್ಣ ಗೇಟು ಅದು. ಒಬ್ಬೊಬ್ಬರೇ ನುಸುಳಬಹುದು, ದನಕ್ಕೆ ಆಗಲ್ಲ.

ನಿಮಗೆ ಹೇಳಿ ಮಾಡಿಸಿದ ದಾರಿ ‘ವೇ’ ನದಿಯ ದಂಡೆ. 1653ರಲ್ಲೇ ಈ ನದಿಯನ್ನು ಸರಕಿನ ದೋಣಿ ಹೋಗುವ ಹಾಗೆ ಮಾಡಿದರು. ದೋಣಿಗೆ ಹಗ್ಗ ಕಟ್ಟಿ ದಂಡೆಯ ಮೇಲೆ ಕುದುರೆ ಎಳೆಯುತ್ತಿತ್ತು. ಕುದುರೆ ನಡೆದ ದಾರಿಯಾದ್ದರಿಂದ ಏರು ಇಳಿತ ಇಲ್ಲವೇ ಇಲ್ಲ ಅನ್ನಬಹುದು. ವೋಕಿಂಗ್ ಹತ್ತಿರ ಪಿರ್‌ಫರ್ಡ್ ಲಾಕ್‌ನಿಂದ ಶುರು ಮಾಡಿ. ಲಾಕ್ ಅಂದರೆ ದೋಣಿಯನ್ನು ಮೇಲಿನ ನೀರಿಗೆ ಏರಿಸುವ, ಕೆಳಗಿನ ನೀರಿಗೆ ಇಳಿಸುವ ಬಾಗಿಲುಗಳ ಕಟ್ಟೆ. ಇನ್ನೂ ನಡೆಯುವ ಶಕ್ತಿ ಇದ್ದರೆ ಮುಂದೆ ನ್ಯೂವಾರ್ಕ್ ಪ್ರಯರಿ ಎಂಬ ಪಾಳುಬಿದ್ದ ಮಠ ಕಾಣುತ್ತದೆ. ಎಂಟನೇ ಹೆನ್ರಿ ಮಠಗಳನ್ನೆಲ್ಲ ಮುಚ್ಚಿಸಿದಾಗ ಹಾಳಾದದ್ದು. ಹತ್ತಿರ ಹೋಗುವ ಹಾಗಿಲ್ಲ, ದಾರಿಯಿಂದಲೇ ನೋಡಬೇಕು. ಮೊದಲ ದಿನ ಕಾಲು ಗಂಟೆ ಮುಂದೆ ಹೋಗಿ, ಕಾಲು ಗಂಟೆ ಹಿಂದೆ ಬನ್ನಿ. ಸಾಕು.

ಪ್ರಶ್ನೆ: ಮಗ ಲಂಡನ್ನಿನಲ್ಲಿ ಬಾಡಿಗೆ ಮನೆಯಲ್ಲಿದ್ದಾನೆ, ಕಾರಿಲ್ಲ. ರೈಲು ಬಸ್ಸಿನಲ್ಲೇ ಹೋಗಿ ಬರುವಂಥ ಹಸಿರು ಜಾಗ ಹೇಳಿ. ಬಸವಣ್ಣನವರ ಪ್ರತಿಮೆಯನ್ನೂ ನೋಡಬೇಕು. (ದಾವಣಗೆರೆಯ ಓದುಗರು)

ಉತ್ತರ: ಎರಡಕ್ಕೂ ಥೇಮ್ಸ್ ದಂಡೆಯೇ ದಾರಿ. ಒಂದೇ ದಿನ ಎರಡನ್ನೂ ಮಾಡಬೇಡಿ.

ಬಸವಣ್ಣನವರು ಲ್ಯಾಂಬೆತ್ ಸೇತುವೆಯ ಹತ್ತಿರ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನಲ್ಲಿದ್ದಾರೆ. 2015ರ ನವೆಂಬರ್ 14ರಂದು ಪ್ರಧಾನಿ ಮೋದಿಯವರು ಅನಾವರಣ ಮಾಡಿದರು. ನದಿಯ ಆಚೆ ದಂಡೆಯಲ್ಲಿ ಬ್ರಿಟಿಷ್ ಪಾರ್ಲಿಮೆಂಟ್. ಅನುಭವ ಮಂಟಪದ ಬಸವಣ್ಣನಿಗೆ ಇದಕ್ಕಿಂತ ಸರಿಯಾದ ಜಾಗ ಸಿಗುತ್ತಿರಲಿಲ್ಲ. ವೆಸ್ಟ್‌ಮಿನ್‌ಸ್ಟರ್ ಸೇತುವೆ ದಾಟಿ ದಂಡೆಗುಂಟ ನಿಧಾನವಾಗಿ ಹೋಗಿ. ಪೂರ್ತಿ ಕಲ್ಲುಹಾಸಿದ ದಾರಿ.

ಹಸಿರಿಗೆ ರಿಚ್ಮಂಡ್. ವಾಟರ್‌ಲೂ ನಿಲ್ದಾಣದಿಂದ ರೈಲಿದೆ, ಡಿಸ್ಟ್ರಿಕ್ಟ್ ಲೈನ್ ಎಂಬ ಮೆಟ್ರೋ ಕೂಡ ಹೋಗುತ್ತದೆ. ಪೇಟೆ ದಾಟಿ ನದಿಗೆ ಇಳಿಯಿರಿ. 1777ರ ಕಲ್ಲಿನ ಸೇತುವೆ ಕಾಣುತ್ತದೆ. ಅಲ್ಲಿಂದ ನದಿಯ ಮೇಲ್ದಿಕ್ಕಿಗೆ ನಡೆದರೆ ಎಡಗಡೆ ಪೀಟರ್‌ಷಮ್ ಹುಲ್ಲುಗಾವಲು. ಬೇಸಿಗೆಯಲ್ಲಿ ಅಲ್ಲಿ ದನ ಮೇಯುತ್ತಿರುತ್ತವೆ. ಲಂಡನ್ ನಗರದೊಳಗೆ! ಪಕ್ಕದ ರಿಚ್ಮಂಡ್ ಗುಡ್ಡದ ಮೇಲಿನಿಂದ ಕಾಣುವ ನೋಟ ಹಾಳಾಗಬಾರದು ಅಂತ 1902ರಲ್ಲಿ ಪಾರ್ಲಿಮೆಂಟ್ ಒಂದು ಕಾಯ್ದೆಯನ್ನೇ ಮಾಡಿತು. ಒಂದೂವರೆ ಮೈಲಿ ಆಗುವ ಹೊತ್ತಿಗೆ ಹ್ಯಾಮ್ ಹೌಸ್ ಸಿಗುತ್ತದೆ, 1610ರ ಇಟ್ಟಿಗೆಯ ಬಂಗಲೆ. ಒಳಗೆ ಹೋಗಲು ಟಿಕೆಟ್ ಬೇಕು, ಹೊರಗಿನ ಸಾಲುಮರದ ದಾರಿಗೆ ಬೇಡ. ಸುಸ್ತಾದರೆ ಪೀಟರ್‌ಷಮ್ ರಸ್ತೆಗೆ ಬಂದು 65ನೇ ನಂಬರ್ ಬಸ್ ಹತ್ತಿ, ವಾಪಸ್ ರಿಚ್ಮಂಡ್‌ಗೆ ಬಿಡುತ್ತದೆ. ಒಂದು ಎಚ್ಚರಿಕೆ: ಇಲ್ಲಿ ಸಮುದ್ರದ ಉಬ್ಬರ ನದಿಯೊಳಗೂ ಬರುತ್ತದೆ. ಅಮಾವಾಸ್ಯೆ ಹುಣ್ಣಿಮೆ ಆಸುಪಾಸಿನಲ್ಲಿ ದಂಡೆಯ ದಾರಿಯೇ ಒಂದೊಂದು ಸಲ ಮುಳುಗುತ್ತದೆ. ಮಗನಿಗೆ ಉಬ್ಬರದ ಸಮಯ ನೋಡಲು ಹೇಳಿ.

ಗುಡ್ಡದ ಮೇಲೆ ರಿಚ್ಮಂಡ್ ಪಾರ್ಕ್ ಇದೆ. ಒಂದನೇ ಚಾರ್ಲ್ಸ್ 1637ರಲ್ಲಿ ಗೋಡೆ ಕಟ್ಟಿಸಿದ ಜಿಂಕೆವನ. ಇವತ್ತಿಗೂ ಅಲ್ಲಿ ಆರುನೂರಕ್ಕೂ ಜಾಸ್ತಿ ಜಿಂಕೆಗಳಿವೆ. ಕನಿಷ್ಠ 50 ಮೀಟರ್ ದೂರ ನಿಲ್ಲಿ, ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಇನ್ನೂ ದೂರ. ಆಗ ಗಂಡು ಜಿಂಕೆಗಳಿಗೆ ಮದ.

ಈ ಪಾರ್ಕಿನ ಕಥೆಯೊಂದನ್ನು ನಾನು ಎಲ್ಲ ಅಮ್ಮಂದಿರಿಗೂ ಹೇಳುತ್ತೇನೆ. 1750ರ ದಶಕದಲ್ಲಿ ರಾಜಕುಮಾರಿ ಅಮೀಲಿಯಾ ಪಾರ್ಕಿಗೆ ಊರವರು ಬರದಂತೆ ತಡೆದಳು. ಜಾನ್ ಲೂಯಿಸ್ ಎಂಬ ಬಿಯರ್ ತಯಾರಕ ಕೋರ್ಟಿಗೆ ಹೋಗಿ 1758ರಲ್ಲಿ ಗೆದ್ದ. ಗೋಡೆ ದಾಟಲು ಏಣಿ ಹಾಕಿಸಿಕೊಡಿ ಅಂತ ತೀರ್ಪಾಯಿತು. ಏಣಿ ಬಂತು, ಆದರೆ ಮೆಟ್ಟಿಲು ಮೆಟ್ಟಿಲಿಗೂ ಭಾರಿ ಅಂತರ. ಮಕ್ಕಳಿಗೆ, ಮುದುಕರಿಗೆ ಹತ್ತಲು ಆಗುತ್ತಿಲ್ಲ ಅಂತ ಲೂಯಿಸ್ ಮತ್ತೆ ನ್ಯಾಯಾಧೀಶರ ಮುಂದೆ ನಿಂತ. ಮಕ್ಕಳು, ಮುದುಕರು ಮಾತ್ರ ಅಲ್ಲ, ಮುದುಕಿಯರೂ ಹತ್ತುವ ಹಾಗಿರಬೇಕು, ನೀವೇ ನಿಂತು ನೋಡಿ ಮಾಡಿಸಿ ಅಂದರಂತೆ ಅವರು. ಇದನ್ನು ಹೇಳಿದಾಗ ನನ್ನ ಅಮ್ಮ “ಆ ಜಡ್ಜ್ ಒಳ್ಳೆ ಮನುಷ್ಯ” ಅಂದಳು. ಸ್ಟೈಲ್ ಮೇಲೆ ಕೂತಿದ್ದನ್ನು ಅವಳು ಮರೆತಿರಲಿಲ್ಲ.

ಪ್ರಶ್ನೆ: ಸೊಸೆ ಶೆಫೀಲ್ಡ್ ಆಸ್ಪತ್ರೆಯಲ್ಲಿ ಡಾಕ್ಟರ್. ಹತ್ತಿರದಲ್ಲಿ ಚಾಟ್ಸ್‌ವರ್ತ್ ಎಂಬ ದೊಡ್ಡ ಬಂಗಲೆ ಇದೆಯಂತೆ. ಟಿಕೆಟ್ ದುಬಾರಿ ಅನ್ನುತ್ತಾಳೆ. ಹೋಗಬೇಕಾ? (ತುಮಕೂರಿನ ಓದುಗರು)

ಉತ್ತರ: ಖಂಡಿತ ಹೋಗಿ, ಟಿಕೆಟ್ ಇಲ್ಲದೆಯೂ ಹೋಗಿ! ದುಡ್ಡು ಕೊಡಬೇಕಾದ್ದು ಮನೆಗೆ ಮತ್ತು ತೋಟಕ್ಕೆ. ಸುತ್ತಲಿನ ಪಾರ್ಕಿನಲ್ಲಿ, ಡರ್ವೆಂಟ್ ನದಿಯ ದಂಡೆಯಲ್ಲಿ ನಡೆಯುವುದಕ್ಕೆ ಏನೂ ಇಲ್ಲ. ಶೆಫೀಲ್ಡ್‌ನಿಂದ ಬಸ್ ಕೂಡ ಇದೆ.

ಕ್ಯಾಲ್ಟನ್ ಲೀಸ್ ಎಂಬ ಕಡೆ ಕಾರು ನಿಲ್ಲಿಸಿ ನದಿಗುಂಟ ಬಂಗಲೆಯ ಕಡೆಗೆ ನಡೆಯಿರಿ. ಕುರಿ ಮೇಯ್ದು ಮೇಯ್ದು ಹುಲ್ಲು ಕಾರ್ಪೆಟ್ಟಿನ ಹಾಗಿರುತ್ತದೆ. ಒಂದು ತಿರುವು ಬರುತ್ತದೆ, ಅಲ್ಲಿ ನಿಂತರೆ ಸೇತುವೆ, ಅದರ ಹಿಂದೆ ಹೊಂಬಣ್ಣದ ಮನೆ, ಅದರ ಹಿಂದೆ ಕಾಡು, ಮೂರೂ ಒಟ್ಟಿಗೆ ಕಾಣುತ್ತವೆ. ಅಷ್ಟು ಚಂದದ ನೋಟದ ಹಿಂದೆ ಬೇಸರದ ವಿಷಯವೂ ಇದೆ. ಬಂಗಲೆಯಿಂದ ಕಾಣುತ್ತಿದ್ದ ಎನ್ಸರ್ ಹಳ್ಳಿಯ ಮನೆಗಳನ್ನು ಕೆಡವಿ, ಕಣ್ಣಿಗೆ ಬೀಳದ ಕಡೆ ಹೊಸದಾಗಿ ಕಟ್ಟಿಸಿದರು. ಆ ಹೊಸ ಹಳ್ಳಿಯನ್ನೂ ನೋಡಿ ಬನ್ನಿ, ಒಂದು ಮನೆಯ ಹಾಗೆ ಇನ್ನೊಂದಿಲ್ಲ.

ತುಮಕೂರಿನವರು ಅಂದಮೇಲೆ ಬಾಳೆಹಣ್ಣಿನ ಮಾತು ಬರಲೇಬೇಕು. ಈ ಬಂಗಲೆಯ ಒಡೆಯರ ಮನೆತನದ ಹೆಸರು ಕ್ಯಾವೆಂಡಿಷ್. 1830ರ ದಶಕದಲ್ಲಿ ಇಲ್ಲಿನ ತೋಟದ ಮೇಲ್ವಿಚಾರಕ ಜೋಸೆಫ್ ಪ್ಯಾಕ್ಸ್‌ಟನ್ ಮಾರಿಷಸ್‌ನಿಂದ ಬಂದಿದ್ದ ಒಂದು ಬಾಳೆಗಿಡವನ್ನು ಗಾಜಿನ ಮನೆಯಲ್ಲಿ ಬೆಳೆಸಿ, ಗೊನೆ ಬರಿಸಿ, ಯಜಮಾನನ ಹೆಸರಿಟ್ಟ. ನಮ್ಮ ಸಂತೆಯಲ್ಲಿ ಪಚ್ಚಬಾಳೆ ಅಂತ ಕೆ.ಜಿ. ಲೆಕ್ಕದಲ್ಲಿ ತರುತ್ತೇವಲ್ಲ, ಅದು ಈ ಕ್ಯಾವೆಂಡಿಷ್ ಜಾತಿಯದೇ. ನಾನು ಹೋದಾಗ ಚೀಲದಲ್ಲಿ ಎರಡು ಬಾಳೆಹಣ್ಣು ಇಟ್ಟುಕೊಂಡು ಹೋಗಿ, ಆ ಸೇತುವೆಯ ಪಕ್ಕ ಕೂತು ತಿಂದೆ. ನೀವೂ ಹಾಗೇ ಮಾಡಿ.

ಪ್ರಶ್ನೆ: ಟಿಪ್ಪುವಿನ ಡೇರೆ ವೇಲ್ಸ್‌ನ ಯಾವುದೋ ಕೋಟೆಯಲ್ಲಿದೆಯಂತೆ, ನಿಜವಾ? ಅಲ್ಲಿ ವಯಸ್ಸಾದವರು ಓಡಾಡಬಹುದಾ? (ಶ್ರೀರಂಗಪಟ್ಟಣದ ಓದುಗರು)

ಉತ್ತರ: ನಿಜ. ಊರು ವೆಲ್ಶ್‌ಪೂಲ್, ಕೋಟೆ ಪೊವಿಸ್. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಮದ್ರಾಸಿನ ಗವರ್ನರ್ ಆಗಿದ್ದವನು ರಾಬರ್ಟ್ ಕ್ಲೈವ್‌ನ ಮಗ ಎಡ್ವರ್ಡ್. ಅವನ ಹೆಂಡತಿ ಹೆನ್ರಿಯೆಟ್ಟಾ ಪೊವಿಸ್ ಮನೆತನದವಳು. 1800ರಲ್ಲಿ ಅವಳು ಹೆಣ್ಣುಮಕ್ಕಳನ್ನು ಕರೆದುಕೊಂಡು ಬೆಂಗಳೂರು, ಶ್ರೀರಂಗಪಟ್ಟಣಕ್ಕೂ ಬಂದಿದ್ದಳು. ಹೂಬಳ್ಳಿಯ ಚಿತ್ತಾರದ ಹತ್ತಿಬಟ್ಟೆಯ ಡೇರೆ, ಸಿಂಹಾಸನದ ಒಂದು ಚಿನ್ನದ ಹುಲಿತಲೆ, ಇವೆಲ್ಲ ಹಾಗೆ ಇಲ್ಲಿಗೆ ಬಂದವು. ಆ ಡೇರೆಯನ್ನು ಹಿಂದೆ ತೋಟದ ಪಾರ್ಟಿಗಳಿಗೂ ಹಾಕುತ್ತಿದ್ದರು. ಅದನ್ನು ಓದಿದಾಗ ನನಗೆ ಹೊಟ್ಟೆ ಉರಿಯಿತು. ಅದು ಗಂಜಾಂ ದರಿಯಾ ದೌಲತ್‌ನ ಮಗ್ಗುಲಲ್ಲಿ ಇರಬೇಕಿತ್ತು ಅಂತಲೇ ನನ್ನ ಅಭಿಪ್ರಾಯ. ಆದರೂ ಹೋಗಿ ನೋಡಿ. ನಮ್ಮ ಊರಿನ ವಸ್ತು, ನಮ್ಮವರು ನೋಡಬೇಕು. ಆ ದಿನ ಯಾವ ಕೋಣೆ ತೆರೆದಿದೆ ಅಂತ ಮೊದಲೇ ವಿಚಾರಿಸಿ.

ನಡಿಗೆ ಬಗ್ಗೆ ಹೇಳುವುದಾದರೆ, ಇದು ಮೇಲಿನವುಗಳಷ್ಟು ಸುಲಭವಲ್ಲ. ಪೇಟೆಯಿಂದ ಕೋಟೆಗೆ ಜಿಂಕೆವನದ ನಡುವೆ ಸುಮಾರು ಒಂದು ಮೈಲಿ, ಏರು ದಾರಿ. ತೋಟ ಗುಡ್ಡದ ಇಳಿಜಾರಿನಲ್ಲಿ ಹಂತ ಹಂತವಾಗಿದೆ, ಮೆಟ್ಟಿಲು ಜಾಸ್ತಿ. ಮೇಲಿನ ಒಂದೇ ಹಂತದಲ್ಲಿ ಆಚೆ ಈಚೆ ನಡೆದರೂ ಸಾಕು. ಮುನ್ನೂರು ವರ್ಷದ ಯೂ ಮರಗಳನ್ನು ಕತ್ತರಿಸಿ ಕತ್ತರಿಸಿ ಮೋಡದ ರಾಶಿಯ ಹಾಗೆ ಮಾಡಿದ್ದಾರೆ.

ಪ್ರಶ್ನೆ: ಶೂ ಅಭ್ಯಾಸವಿಲ್ಲ. ಚಪ್ಪಲಿ ಸಾಕಾ? (ಶಿರಸಿಯ ಓದುಗರು)

ಉತ್ತರ: ಸಾಲದು. ಇಲ್ಲಿನ ಕೆಸರು ಜಿಗುಟು, ಚಪ್ಪಲಿ ಅಲ್ಲೇ ಉಳಿದು ಕಾಲು ಮಾತ್ರ ಮೇಲೆ ಬರುತ್ತದೆ. ಅಡಿಯಲ್ಲಿ ಚೆನ್ನಾಗಿ ಗೆರೆ ಇರುವ ಶೂ ಊರಲ್ಲೇ ತಗೊಂಡು, ಹೊರಡುವ ಮುಂಚೆ ಒಂದು ತಿಂಗಳು ಹಾಕಿ ಪಳಗಿಸಿ. ಸೀರೆಯನ್ನು ಎರಡು ಬೆರಳು ಮೇಲೆ ಉಟ್ಟುಕೊಳ್ಳಿ. ಕೊಡೆಗಿಂತ ಟೋಪಿಯಿರುವ ಮಳೆಕೋಟು ಮೇಲು, ಎರಡೂ ಕೈ ಖಾಲಿ ಇರುತ್ತವೆ.

ಪ್ರಶ್ನೆ: ಕಾಡಿನೊಳಗಿನ ದಾರಿಯಲ್ಲಿ ಹಾವು, ಇಂಬಳ ಏನಾದರೂ ಇವೆಯಾ? (ಕೊಪ್ಪದ ಓದುಗರು)

ಉತ್ತರ: ಕಾಲಿಗೆ ಹತ್ತುವ ಇಂಬಳ ಇಲ್ಲ, ಮಲೆನಾಡಿನವರು ಮೊದಲು ಸಂತೋಷಪಡುವುದೇ ಇದಕ್ಕೆ. ವಿಷದ ಹಾವು ಒಂದೇ ಜಾತಿ, ಆಡರ್. ಕಾಣುವುದೇ ಅಪರೂಪ. ನಿಜವಾಗಿ ಹುಷಾರಾಗಿರಬೇಕಾದ್ದು ರಕ್ತ ಹೀರುವ ಉಣ್ಣೆ ಹುಳಕ್ಕೆ. ಮಂಗನ ಕಾಯಿಲೆ ಕಂಡ ಸೀಮೆಯ ನಿಮಗೆ ಬಿಡಿಸಿ ಹೇಳಬೇಕಿಲ್ಲ. ಇಲ್ಲಿನ ಉಣ್ಣೆಯಿಂದ ಲೈಮ್ ಅನ್ನುವ ಕಾಯಿಲೆ ಬರಬಹುದು. ಮನೆಗೆ ಬಂದ ಮೇಲೆ ಮಂಡಿಯ ಹಿಂದೆ, ಸೊಂಟದ ಸುತ್ತ ನೋಡಿಕೊಳ್ಳಿ. ಕಚ್ಚಿದ್ದರೆ ಚಿಮುಟದಲ್ಲಿ ಚರ್ಮಕ್ಕೆ ತಾಗಿಸಿ ಹಿಡಿದು ನೇರ ಎಳೆಯಿರಿ. ಮುಂದೆ ಕೆಂಪು ಉಂಗುರ ಎದ್ದರೆ ಡಾಕ್ಟರಿಗೆ ತೋರಿಸಲೇಬೇಕು. ತುರುಚೆ ಗಿಡ ದಾರಿಯ ಎರಡೂ ಕಡೆ ಇರುತ್ತದೆ. ಕರು ಜೊತೆಗಿರುವ ಹಸುಗಳ ಹತ್ತಿರ ಹೋಗಬೇಡಿ, ಪೂಜೆ ಮಾಡುವ ಮನಸ್ಸಾದರೂ ದೂರದಿಂದಲೇ ಕೈ ಮುಗಿಯಿರಿ.

ಏಪ್ರಿಲ್ ಕೊನೆಗೆ ಬಂದರೆ ಬ್ಲೂಬೆಲ್ ಹೂವಿನ ಕಾಡು ತಪ್ಪಿಸಬೇಡಿ. ಎರಡು ಮೂರು ವಾರ ಮಾತ್ರ. ನಮ್ಮ ಹತ್ತಿರ ಹ್ಯಾಚ್‌ಲ್ಯಾಂಡ್ಸ್ ಪಾರ್ಕಿನಲ್ಲಿ ಮರದ ಬುಡವೆಲ್ಲ ನೇರಳೆ ನೀಲಿ. ಅಮ್ಮ ದೇವರಿಗೆ ನಾಲ್ಕು ಹೂವು ಅಂತ ಬಗ್ಗಿದಳು. ಕೀಳಬಾರದಮ್ಮ, ಎಲೆ ತುಳಿದರೂ ಗಿಡ ಸೊರಗುತ್ತೆ ಅಂದೆ. ಚಾಚಿದ ಕೈಯಲ್ಲೇ ಹೂವನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು.

ಪ್ರಶ್ನೆ: ನನಗೆ 78. ಹೆಂಡತಿ ತೀರಿಕೊಂಡ ಮೇಲೆ ಮಗ ರೆಡಿಂಗ್‌ಗೆ ಕರೆಸಿಕೊಂಡಿದ್ದಾನೆ. ಹಗಲೆಲ್ಲ ಮನೆಯಲ್ಲಿ ಒಬ್ಬನೇ. ಹತ್ತು ನಿಮಿಷಕ್ಕಿಂತ ನಡೆಯಲು ಆಗಲ್ಲ. ನಿಮ್ಮ ನಡಿಗೆಯ ಮಾತು ನನಗಲ್ಲ ಅನ್ನಿಸುತ್ತದೆ. (ಹಾಸನದ ಹಿರಿಯ ಓದುಗರು)

ಉತ್ತರ: ಸರ್, ನಿಮಗೇ. ಹತ್ತು ನಿಮಿಷ ಬೇಕಾದಷ್ಟಾಯಿತು.

ಅಪ್ಪ ಭದ್ರಾ ನಾಲೆಯ ಕೆಲಸದಲ್ಲಿ ಮೂವತ್ತು ವರ್ಷ ಇದ್ದವರು. ಕೊನೆಯ ಸಲ ಬಂದಾಗ ಅವರಿಗೂ ಕಾಲು ಸೋತಿತ್ತು. ಗಿಲ್ಡ್‌ಫರ್ಡ್ ಪೇಟೆಯ ಹಿಂದೆಯೇ ಮಿಲ್‌ಮೀಡ್ ಲಾಕ್ ಇದೆ. ಅಲ್ಲಿನ ಬೆಂಚಿಗೆ ಕರೆದುಕೊಂಡು ಹೋಗಿ ಕೂರಿಸಿದೆ. ಒಂದು ಉದ್ದನೆಯ ದೋಣಿ ಬಂತು. ಮೇಲಿನ ನೀರಿಗೂ ಕೆಳಗಿನ ನೀರಿಗೂ ಆಳೆತ್ತರದ ವ್ಯತ್ಯಾಸ. ದೋಣಿ ಕೆಳಗಿನ ಬಾಗಿಲಿನಿಂದ ಒಳಗೆ ಬಂತು, ಬಾಗಿಲು ಮುಚ್ಚಿದರು. ದೋಣಿಯಲ್ಲಿದ್ದ ಹೆಂಗಸು ಇಳಿದು ಕಬ್ಬಿಣದ ಹಿಡಿಕೆ ಹಾಕಿ ತಿರುಗಿಸಿದಳು. ಅಪ್ಪ ಎದ್ದು ನಿಂತರು. “ತೂಬು ಎತ್ತುತಾ ಇದ್ದಾಳೆ ನೋಡು” ಅಂದರು. ನೀರು ಕುದಿಯುವ ಹಾಗೆ ಒಳಗೆ ನುಗ್ಗಿತು, ದೋಣಿ ಮೆಲ್ಲಗೆ ಮೇಲೇಳತೊಡಗಿತು. ಎರಡೂ ಕಡೆ ನೀರು ಸಮ ಆಗುವ ತನಕ ಮೇಲಿನ ಬಾಗಿಲು ಯಾರು ಎಳೆದರೂ ಬರಲ್ಲ, ಸಮ ಆದಮೇಲೆ ಒಬ್ಬರೇ ನೂಕಬಹುದು ಅಂತ ನನಗೆ ವಿವರಿಸಿದರು. ನಾನು ಅಷ್ಟು ವರ್ಷ ಅದೇ ದಾರಿಯಲ್ಲಿ ಓಡಾಡಿದ್ದರೂ ಇದನ್ನು ಗಮನಿಸಿಯೇ ಇರಲಿಲ್ಲ. ಬಾಗಿಲಿಗೆ ಉದ್ದನೆಯ ಮರದ ತೊಲೆ ಇರುತ್ತದೆ. ಆ ಹೆಂಗಸು ತೊಲೆಗೆ ಬೆನ್ನು ಕೊಟ್ಟು ನೂಕಲು ನಿಂತಳು, ಅಪ್ಪನನ್ನು ನೋಡಿ ನಕ್ಕು ಕೈ ಮಾಡಿ ಕರೆದಳು. ಅಪ್ಪನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಹೋಗಿ ಅವಳ ಪಕ್ಕ ಬೆನ್ನು ಕೊಟ್ಟು ನಿಂತರು. ಬಾಗಿಲು ಸರಿಯಿತು. ಮರುದಿನ ಒಂಬತ್ತಕ್ಕೇ ಸ್ವೆಟರ್ ಹಾಕಿಕೊಂಡು ರೆಡಿ. ನಾಲೆಯ ನೀರು ಬಿಡುವ ನಮ್ಮ ಸೌಡಿಗಳಿಗೆ ಇದನ್ನು ತೋರಿಸಬೇಕಿತ್ತು ಅಂತ ಆ ಬೇಸಿಗೆಯೆಲ್ಲ ಹೇಳುತ್ತಿದ್ದರು.

ರೆಡಿಂಗ್‌ನಲ್ಲಿ ಇದು ನಿಮ್ಮ ಮನೆ ಬಾಗಿಲಲ್ಲೇ ಇದೆ. ಕೆನೆಟ್ ನದಿಯ ಲಾಕ್‌ಗಳು ಪೇಟೆಯೊಳಗೇ ಇವೆ. ಥೇಮ್ಸ್ ಮೇಲಿನ ಕ್ಯಾವರ್ಷಮ್ ಲಾಕ್ ರೈಲು ನಿಲ್ದಾಣದಿಂದ ಹೆಚ್ಚು ದೂರವಿಲ್ಲ. ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ದೋಣಿಗಳು ಜಾಸ್ತಿ. ಶನಿವಾರ ಮಗನ ಜೊತೆ ಒಂದು ಸಲ ಹೋಗಿ ಬಸ್ ಸ್ಟಾಪ್, ಬೆಂಚು ನೋಡಿಕೊಂಡು ಬನ್ನಿ. ಮಡಚುವ ಕುರ್ಚಿಯೊಂದನ್ನು ಕೊಡಿಸಲು ಹೇಳಿ. ಫ್ಲಾಸ್ಕಿನಲ್ಲಿ ಕಾಫಿ ತಗೊಂಡು ಹೋಗಿ, ಇಬ್ಬರಿಗಾಗುವಷ್ಟು. ಪಕ್ಕದಲ್ಲಿ ಯಾರಾದರೂ ಬಂದು ಕೂರುತ್ತಾರೆ.